ಕೌಂಟರಿನಲ್ಲಿ ಹೇಳುವ ನಂಬರು

ಲ್ಯಾಂಕಾಸ್ಟರ್, ಓಹಾಯೊ
ಮಾರ್ಚ್ ೧೨, ಗುರುವಾರ

ಪ್ರೀತಿಯ ಕೊರಿನ್,

ಹೇಗಿದ್ದೀಯ ಮಗಳೇ? ಮುರಿದ ಮಣಿಕಟ್ಟು ಕೂಡಿಕೊಂಡಿತೆ? ಪುಟ್ಟ ಟೆಸ್ಸಾಳ ಕೆಮ್ಮು ಇಳಿಯಿತೆ? ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಲೇ ಇದೆ, ಅದನ್ನು ಬಿಡು. ನೀವಿಬ್ಬರು ಯಾವ ಊರಿನಲ್ಲಿದ್ದೀರಿ ಎಂದು ಕೇಳುವುದಿಲ್ಲ. ಚರ್ಚಿನ ಆರ್ಲೀನ್‌ಗೆ ಗೊತ್ತು, ಅಷ್ಟು ಸಾಕು. ಡ್ವೈಟ್ ಬಂದು ಹೆಂಡತಿ ಎಲ್ಲಿ ಎಂದು ಕೇಳಿದಾಗ ನಾನು ಗೊತ್ತಿಲ್ಲ ಎನ್ನುವುದು ನಿಜವೇ ಆಗಿರಲಿ. ಅವನು ನಾನು ಹೆತ್ತ ಮಗ. ಆದರೂ ಅವನ ಗಾಡಿ ಮನೆಯ ಮುಂದೆ ನಿಂತ ಸದ್ದು ಕೇಳಿದರೆ ಈಗ ನಾನು ಮೊದಲು ಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡುತ್ತೇನೆ.

ಭಾನುವಾರದ ಪೇಪರಿನ ಕೂಪನ್ನುಗಳನ್ನು ಈಗಲೂ ಕತ್ತರಿಸುತ್ತೇನೆ, ಎದುರಿನ ಕುರ್ಚಿ ಮಾತ್ರ ಖಾಲಿ. ಮದುವೆಯಾದ ಹೊಸದರಲ್ಲಿ ನೀನು ಸೋಪಿನ ಪುಡಿಯನ್ನು ಪೂರ್ತಿ ಬೆಲೆಗೆ ತಂದಿದ್ದೆ, ನೆನಪಿದೆಯೆ? ನಾನು ಮನೆಗೆ ಬೆಂಕಿ ಬಿದ್ದವಳಂತೆ ಕೂಗಾಡಿದ್ದೆ. "ಪೂರ್ತಿ ಬೆಲೆ ಕೊಡೋರು ಒಂದೋ ಸಾಹುಕಾರ್ರು, ಇಲ್ಲ ಸೋಮಾರಿಗಳು ಕಣೇ" ಅಂದಿದ್ದೆ. ಆಮೇಲೆ ನೀನು ನನ್ನನ್ನೇ ಮೀರಿಸಿದೆ. ರಿಯಾಯಿತಿಯ ವಾರಕ್ಕೆ ಕಾಯುವುದು, ಅದರ ಮೇಲೊಂದು ಕೂಪನ್ನು, ಕೊನೆಗೆ ಕೌಂಟರಿನಲ್ಲಿ ನಮ್ಮ ಮನೆಯ ಹಳೆಯ ಫೋನ್ ನಂಬರು ಹೇಳಿ, ಆ ನಂಬರಿನಲ್ಲಿರುವ ನಮ್ಮ ಅಂಗಡಿ ಖಾತೆಗೆ ರಿಯಾಯಿತಿಯ ಪಾಯಿಂಟು ಸೇರಿಸುವುದು. ಆ ಫೋನು ತೆಗೆಸಿ ಆರು ವರ್ಷವಾಯಿತು. ನಂಬರು ಮಾತ್ರ ನನ್ನ, ನಿನ್ನ, ಡ್ವೈಟ್‌ನ ಮೂವರ ನಾಲಿಗೆಯ ಮೇಲೂ ಹಾಗೇ ಕೂತಿದೆ.

ಕಳೆದ ವಾರ ಮೊಟ್ಟೆ, ಬ್ರೆಡ್ಡು ಕೊಂಡೆ. ರಸೀದಿಯ ಕೆಳಗೆ ಪಾಯಿಂಟು ನಾನೂರ ಹತ್ತು ಎಂದಿತ್ತು. ನಾನೊಬ್ಬಳು ತಿಂಗಳೆಲ್ಲ ಕೊಂಡರೂ ನೂರು ದಾಟುವುದಿಲ್ಲ. ನೀನಿರುವ ಊರಿನ ಶಾಖೆಯಲ್ಲಿ ಅದೇ ನಂಬರು ಹೇಳಿ ಕೊಳ್ಳುತ್ತಿರುವವಳು ನೀನೇ ಎಂದು ತಕ್ಷಣ ಹೊಳೆಯಿತು. ಮಗು ಹೊಟ್ಟೆ ತುಂಬ ಉಣ್ಣುತ್ತಿದೆ ಎಂದು ಗಾಡಿಯಲ್ಲಿ ಕೂತು ಕಣ್ಣೀರು ಹಾಕಿದೆ. ಆ ಖುಷಿಯಲ್ಲಿ ಬುದ್ಧಿಗೆ ಮಂಕು ಕವಿದಿತ್ತು, ಮುಂದಿನದು ಹೊಳೆಯಲೇ ಇಲ್ಲ. ನಿನ್ನೆ ಡ್ವೈಟ್ ಬಂದ. ಅದೇ ಅಂಗಡಿಯ ಬಂಕಿನಲ್ಲಿ, ಅದೇ ನಂಬರು ಒತ್ತಿ, ಪಾಯಿಂಟಿನ ಲೆಕ್ಕದಲ್ಲಿ ಅಗ್ಗಕ್ಕೆ ಪೆಟ್ರೋಲು ಹಾಕಿಸಿಕೊಂಡು ಬಂದಿದ್ದ. ಮೇಜಿನ ಮೇಲೆ ಗಾಡಿಯ ಕೀಲಿ ತಿರುಗಿಸುತ್ತ ಮೆಲ್ಲಗೆ ಕೇಳಿದ: "ಅಮ್ಮಾ, ನೀನೊಬ್ಳೇ ಇಷ್ಟೆಲ್ಲ ತಿಂತೀಯಾ?" ಚರ್ಚಿನ ಊಟಕ್ಕೆ ಸಾಮಾನು ಕೊಂಡಿದ್ದೆ ಎಂದೆ. ಅವನು ನಕ್ಕ. ಆ ನಗು ನಿನಗೆ ಗೊತ್ತು. ಅವನಪ್ಪನದೂ ಅದೇ ನಗು. ನಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ನೀನು ಹೋದೆಯಲ್ಲ, ಆ ದಿನದಿಂದ ನಿನ್ನ ಮೇಲೆ ನನಗೆ ಪ್ರೀತಿಗಿಂತ ಗೌರವ ಹೆಚ್ಚಾಗಿದೆ.

ಟೆಸ್ಸಾಳ ಎರಡು ಕೆನ್ನೆಗೂ ಅಜ್ಜಿಯ ಮುತ್ತು. ದೇವರು ನಿಮ್ಮ ಬಾಗಿಲಿಗೆ ಕಾವಲಿರಲಿ.

ನಿನ್ನ ಅತ್ತೆ,
ವರ್ನಾ

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು: ಈ ಕಾಗದ ಬರೆಯಲು ಕೂರುವ ಮೊದಲೇ ಡ್ವೈಟ್ ಫೋನ್ ಮಾಡಿದ್ದ. ಆ ನಂಬರಿನ ಖಾತೆಯನ್ನು ತನ್ನ ಮೊಬೈಲಿನಲ್ಲಿ ತೆರೆಯುತ್ತಾನಂತೆ. ಯಾವ ಊರಿನ ಅಂಗಡಿ, ಯಾವ ದಿನ, ಎಲ್ಲ ಅದರಲ್ಲಿ ಕಾಣುತ್ತದಂತೆ. ಪಾಸ್‌ವರ್ಡ್ ಮರೆತೆ ಎಂದೆ. ನಾಳೆ ಬೆಳಿಗ್ಗೆ ಅಂಗಡಿಯವರನ್ನೇ ಕೇಳುತ್ತೇನೆ ಎಂದ. ಖಾತೆಯನ್ನು ಅಳಿಸಲು ನೋಡಿದೆ, ನನಗೆ ಬರಲಿಲ್ಲ. ಆರ್ಲೀನ್ ಈ ಕಾಗದವನ್ನು ಅಂಚೆಗೆ ಹಾಕದೆ ತಾನೇ ತರುತ್ತಿದ್ದಾಳೆ. ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ಅವಳ ಗಾಡಿಯಲ್ಲೇ ಹೊರಟುಬಿಡು. ಇನ್ನು ಎಲ್ಲಿದ್ದರೂ ಕೌಂಟರಿನವರು ನಂಬರು ಕೇಳಿದರೆ ಇಲ್ಲ ಅನ್ನು. ಪೂರ್ತಿ ಬೆಲೆ ಕೊಡು ಮಗಳೇ, ಎಲ್ಲದಕ್ಕೂ ಪೂರ್ತಿ ಬೆಲೆ ಕೊಡು.