ಗರಗಸ ಪಾಠದಲ್ಲಿ ನನ್ನ ಮೌನಕ್ಕೆ ಬಂದ ಅಂಕ

ಶಾಲಾ ಮಂಡಳಿಯ ಬೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಮರಗೆಲಸದ ತರಗತಿಯಲ್ಲಿ ಮಾರಿಟ್ ಕೋಸಿಕ್ ಎಂಬ ಹದಿನಾರರ ಹುಡುಗಿ ಬಲಗೈಯ ಎರಡು ಬೆರಳು ಕಳೆದುಕೊಂಡ ಮೂರನೇ ದಿನ ಅದೇ ಪಾಠಕ್ಕೆ ತಮ್ಮ ಮೆಚ್ಚುಗೆಯ ಪತ್ರ ತಲುಪಿತು. ತಮ್ಮ ಕಚೇರಿ ಇಷ್ಟು ಚುರುಕೆಂದು ನನಗೆ ಗೊತ್ತಿರಲಿಲ್ಲ.

ಪಾಠವನ್ನು ನಾಲ್ಕು ಚೂರು ಮಾಡಿ, ನಾಲ್ವರು ಮಕ್ಕಳಿಗೆ ಒಂದೊಂದು ಕೊಟ್ಟು, ಅವರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ತಮ್ಮ ವಿಧಾನವನ್ನು ನಾನು ಹೀಗಳೆಯುವುದಿಲ್ಲ. ಪಕ್ಕದ ಕೋಣೆಯ ಇತಿಹಾಸದ ಮೇಡಂ ಅದರಿಂದ ಬಾಯಿ ಬಿಡದ ಮಕ್ಕಳನ್ನೂ ಮಾತಾಡಿಸಿದ್ದಾರೆ. ಅಲ್ಲಿ ಒಂದು ಚೂರು ತಪ್ಪಿದರೆ ಯಾವುದೋ ಯುದ್ಧಕ್ಕೆ ಒಂದು ಕಾರಣ ಕಡಿಮೆಯಾದೀತು, ಸತ್ತವರು ಎದ್ದು ಬಂದು ದೂರು ಕೊಡುವುದಿಲ್ಲ. ಯಂತ್ರದ ಗರಗಸಕ್ಕೆ ಇದು ಒಗ್ಗುವುದಿಲ್ಲ ಎಂದು ತಮಗೆ ಎರಡು ಸಲ ಬರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ಹೊಂದಿಸಿಕೊಳ್ಳಿ" ಎಂದು ಒಂದೇ ಪದದ ಉತ್ತರ ಬಂತು.

ಹೊಂದಿಸಿಕೊಂಡೆ. ಯಂತ್ರದ ಭಾಗಗಳು ಒಬ್ಬಳಿಗೆ, ಅಳತೆ ಇನ್ನೊಬ್ಬನಿಗೆ, ಹಲಗೆ ತಳ್ಳುವ ಬಗೆ ಮಾರಿಟ್‌ಗೆ, ಏನನ್ನು ಮಾಡಲೇಬಾರದು ಎಂಬುದು ವೇಡ್‌ಗೆ. ಆ ಗುರುವಾರ ವೇಡ್ ಶಾಲೆಯ ಐಸ್-ಹಾಕಿ ತಂಡದ ಜೊತೆ ಪಂದ್ಯಕ್ಕೆ ಹೋಗಿದ್ದ. ಅವನ ರಜೆಗೆ ಸಹಿ ಹಾಕಿದ್ದು ತಮ್ಮದೇ ಕಚೇರಿ. ಪಂದ್ಯದ ವಾರ ನಮ್ಮೂರಲ್ಲಿ ಹಾಜರಿ ಕೂಗುವವನೇ ಮೂರ್ಖ ಎಂಬುದು ತಮಗೆ ತಿಳಿಯದ್ದೇ?

"ಅವನ ಚೂರು ನಾನೇ ಹೇಳಿಬಿಡ್ತೀನಿ" ಎಂದೆ. ಪಾಠಕ್ಕೆ ಅಂಕ ಹಾಕಲು ತಾವು ಕಳಿಸಿದ ವೀಕ್ಷಕರು ಕೈಗಡಿಯಾರ ತೋರಿಸಿದರು. "ಮೇಷ್ಟ್ರು ಮಾತಾಡೋ ಐದು ನಿಮಿಷ ಮುಗೀತಲ್ಲ ಸರ್? ಮಕ್ಕಳೇ ಕಂಡ್ಕೋತಾರೆ, ಬಿಡಿ."

ಕಂಡುಕೊಂಡರು. ಗರಗಸ ತಿರುಗುತ್ತಿರುವಾಗಲೇ ಪಕ್ಕದಲ್ಲಿ ಬಿದ್ದ ಮರದ ತುಣುಕು ಎತ್ತಲು ಮಾರಿಟ್ ಕೈ ಚಾಚಿದಳು. ನಾನು ಮೊದಲು ವೀಕ್ಷಕರ ಮುಖ ನೋಡಿದೆ, ಆಮೇಲೆ ಕೂಗಿದೆ. ಇಪ್ಪತ್ತಾರು ವರ್ಷ ಕೂಗಾಡಿ ಒಂದು ಮಗುವಿನ ಉಗುರೂ ಹೋಗಗೊಡದವನು ಅಂದು ಕೆಲಸದ ಭಯಕ್ಕೆ ಒಂದು ಕ್ಷಣ ಬಾಯಿ ಮುಚ್ಚಿದ್ದೆ. ನನಗೆ ನಾಚಿಕೆಯಾಗಿದೆ. ತಮಗೂ ಆಗಲೆಂದೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ಆಸ್ಪತ್ರೆಯಲ್ಲಿ ಅವಳು ಕೇಳಿದಳು, "ಸರ್, ವೇಡ್ ಹತ್ರ ಇದ್ದ ಚೂರಲ್ಲಿ ಏನಿತ್ತು?"

"ಗರಗಸ ಪೂರ್ತಿ ನಿಲ್ಲೋವರೆಗೂ ಕೈ ಹಾಕ್ಬೇಡ ಅಂತ."

"ಅಷ್ಟೇನಾ? ಅದನ್ನ ಹೇಳೋಕೆ ಎಷ್ಟೊತ್ತು ಬೇಕಿತ್ತು ಸರ್?"

ತಮ್ಮ ಪತ್ರದಲ್ಲಿ 'ಶಿಕ್ಷಕರ ಮೌನ' ಎಂಬ ಸಾಲಿನಲ್ಲಿ ನನಗೆ ಹತ್ತಕ್ಕೆ ಒಂಬತ್ತು ಬಂದಿದೆ. ಕೊನೆಯಲ್ಲಿ ಕೂಗಿದ್ದಕ್ಕೆ ಒಂದು ಕಡಿತ. ಆ ಒಂಬತ್ತನ್ನೂ ಹೊಡೆದು ಸೊನ್ನೆ ಬರೆಯಿರಿ. ಬರೆದದ್ದನ್ನು ತಾವೇ ಹೋಗಿ ಮಾರಿಟ್‌ಗೆ ತೋರಿಸಿ, ನೋಡಿದ್ದೇನೆಂದು ಅವಳಿಂದ ಸಹಿ ಪಡೆಯಿರಿ. ಎಡಗೈಯಲ್ಲಿ ಬರೆಯುವುದನ್ನು ಈಗಷ್ಟೇ ಕಲಿಯುತ್ತಿದ್ದಾಳೆ, ತಾವು ಸ್ವಲ್ಪ ಕಾಯಬೇಕಾದೀತು.

ಇಂತಿ,
ಮಾತಾಡಬೇಕಾದಾಗ ಮಾತಾಡದ
ಆರ್ವಿಡ್ ಸ್ಕೋಗ್
ಮರಗೆಲಸದ ಮೇಷ್ಟ್ರು, ಉತ್ತರ ಮಿನ್ನೆಸೋಟ