ನಾಸಿಕದ ಐದನೇ ನಂಬರಿನ ಹುಡುಗ

ನಾಸಿಕ,
28 ನವೆಂಬರ್ 1970

ಪ್ರೀತಿಯ ಪ್ರೇಮಾಬಾಯಿಯವರಿಗೆ, ನಾಸಿಕದಿಂದ ಜಲಜಾಕ್ಷಿಯ ನಮಸ್ಕಾರಗಳು.

ನಿಮ್ಮ ಕಾರ್ಡು ಬುಧವಾರ ಬಂತು. ರೇವಣನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ನೋವು ತುಸು ಇಳಿದಿದೆ ಎಂದು ಓದಿ ಜೀವ ಬಂದಂತಾಯಿತು. ಎರಡು ತಿಂಗಳು ನೆಲಕ್ಕೆ ಕಾಲೂರಬಾರದು, ಮುಂದೆ ಓಡಲಾದೀತೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಎರಡೆರಡು ಸಲ ಓದಿದೆ. ಕೊನೆಗೆ ನನಗೆ ಉಪಕಾರ ಬೇರೆ ಹೇಳಿದ್ದೀರಿ. ‘ಆ ದಿನ ನೀವು ಜೋಡಿಗೆ ಇರದಿದ್ರ ನಾ ಏನ್ ಮಾಡ್ತಿದ್ನೋ ಅಕ್ಕಾ’ ಎಂದಿದ್ದೀರಿ. ಮೂರು ದಿನದಿಂದ ಆ ಸಾಲು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಇವತ್ತು ಮಧ್ಯಾಹ್ನ ಹೋಟೆಲಿನ ಕೆಲಸ ಬೇರೆಯವರಿಗೆ ಒಪ್ಪಿಸಿ ಬರೆಯಲು ಕುಳಿತೆ.

ಆ ಭಾನುವಾರ ಹುಡುಗರ ಫುಟ್‌ಬಾಲ್ ಆಟ ನೋಡಲು ನಸುಕಿನಲ್ಲೇ ಎಸ್‌ಟಿ ಬಸ್ಸು ಹತ್ತಿದ್ದೆ. ನಮ್ಮವರಿಗೆ ಹೋಟೆಲು ಬಿಟ್ಟು ಬರಲಾಗಲಿಲ್ಲ. ಯೇವಲಾದಲ್ಲಿ ಬಸ್ಸು ಕೆಟ್ಟು ನಿಂತು, ಔರಂಗಾಬಾದ್ ಮುಟ್ಟುವಾಗ ಆಟಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಮೈದಾನದ ನಲ್ಲಿ ತಿರುಗದೆ ನನ್ನಷ್ಟಕ್ಕೇ ಗೊಣಗಿಕೊಂಡಾಗ ಹಿಂದಿನಿಂದ ನಿಮ್ಮ ದನಿ ಕೇಳಿತು: “ಅಯ್ಯ, ಕನ್ನಡದಾವ್ರೇನ್ರೀ ನೀವು? ಯಾವೂರ್ರಿ ನಿಮ್ದು?” ನನ್ನದು ಕುಂದಾಪುರ, ನಿಮ್ಮದು ಭಾಲ್ಕಿ. ಆ ಜನದ ನಡುವೆ ಅದು ಒಂದೇ ಕೇರಿ ಎನ್ನುವಷ್ಟು ಹತ್ತಿರವೆನಿಸಿತು. ನಾನು ನಾಸಿಕದ ಕಡೆಯವಳೆಂದು ತಿಳಿದಾಗ “ಹಂಗಾದ್ರ ಇವತ್ತ ನಾವು ವೈರಿಗಳ್ರೀ” ಎಂದು ನಗುತ್ತ ಶೇಂಗಾ ಹೋಳಿಗೆ ಕೈಗಿಟ್ಟಿರಿ.

ಮೆಟ್ಟಿಲ ಮೇಲೆ ಕೂತು ನೀವೇ ನನಗೆ ಎಲ್ಲ ಬಿಡಿಸಿ ಹೇಳಿದಿರಿ. ಈ ಭಾಗದ ಕೊನೆಯ ಸುತ್ತು ಇದು, ಶಾಮಿಯಾನದಡಿ ಕೂತ ಮೂವರು ಇವತ್ತು ಹುಡುಗರನ್ನು ಆರಿಸುತ್ತಾರೆ, ಆರಿಸಿದವರು ಬೊಂಬಾಯಿಯ ಶಿಬಿರಕ್ಕೆ, ಅಲ್ಲಿ ಗೆದ್ದವರು ದೇಶದ ತಂಡದಲ್ಲಿ ಪರದೇಶಕ್ಕೆ. “ನಮ್ಮ ರೇವಣ ಇಮಾನದಾಗ ಹೋಗ್ತಾನಂದ್ರ ಅವರಪ್ಪ ಈಗಲೇ ಆಫೀಸಿನಾಗ ಎಲ್ಲಾರ್ಗೂ ಹೇಳ್ಕೋತ ತಿರಗ್ಯಾರ್ರೀ” ಎಂದಿರಿ. ಆಮೇಲೆ ನಿಮ್ಮ ಹುಡುಗ ಯಾರು ಎಂದು ಕೇಳಿದಿರಿ. ನಾನು ಕೈಯೆತ್ತಿ ತೋರಿಸಬೇಕು, ಅಷ್ಟರಲ್ಲಿ ರೇವಣ ಗೋಲು ಹೊಡೆದ. ನೀವು ಎದ್ದು ನಿಂತು ಕುಣಿದಿರಿ. ಆ ಮಾತು ಅಲ್ಲಿಗೇ ನಿಂತಿತು.

ಎಷ್ಟು ಚೆಂದ ಆಡುತ್ತಿದ್ದ ನಿಮ್ಮ ಮಗ! ನನಗೆ ಆಟ ತಿಳಿಯದು. ಆದರೂ ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ಶಾಮಿಯಾನದವರು ತಲೆ ಎತ್ತುವುದು ಕಾಣುತ್ತಿತ್ತು. ಅರ್ಧ ಆಟದ ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ನಮ್ಮ ಐದನೇ ನಂಬರಿನ ಹುಡುಗ ಓಡಿಬಂದು ಅವನ ಕಾಲಿಗೆ ಒದ್ದ. ರೇವಣ ಬಿದ್ದವನು ಏಳಲಿಲ್ಲ. ನೀವು ನನ್ನ ಮಣಿಕಟ್ಟು ಹಿಡಿದೇ ಮೈದಾನಕ್ಕೆ ಓಡಿದಿರಿ. ಟಾಂಗಾದಲ್ಲಿ ಅವನ ತಲೆ ನಿಮ್ಮ ತೊಡೆಯ ಮೇಲಿತ್ತು, ಕಾಲು ಅಲುಗದಂತೆ ನಾನು ಹಿಡಿದುಕೊಂಡಿದ್ದೆ.

ಆಸ್ಪತ್ರೆಯ ಜಗಲಿಯಲ್ಲಿ, ನಿಮ್ಮ ಯಜಮಾನರು ಗುರುಲಿಂಗಪ್ಪನವರು ಬರುವ ಮೊದಲು, ನೀವು ಮತ್ತೆ ಕೇಳಿದಿರಿ: “ನಿಮ್ಮ ಹುಡುಗ ನಿಮ್ಮನ್ನ ಹುಡುಕ್ತಿರ್ಬೇಕಲ್ರೀ. ಯಾರಾಂವ?” ಇವತ್ತು ಅವನನ್ನು ಆಡಿಸಲಿಲ್ಲ, ಸುಮ್ಮನೆ ಕೂರಿಸಿದ್ದರು ಎಂದುಬಿಟ್ಟೆ. ನೀವು ಆ ದುಃಖದಲ್ಲೂ “ಪಾಪ, ಅವಂಗೂ ಕೆಟ್ಟನಿಸಿರ್ಬೇಕು” ಎಂದಿರಿ.

ಪ್ರೇಮಾಬಾಯಿಯವರೇ, ಐದನೇ ನಂಬರಿನ ಹುಡುಗ ನನ್ನ ಮಗ. ಸುಧಾಕರ ಎಂದು ಹೆಸರು.

ಇಷ್ಟೇ ಆಗಿದ್ದರೆ ಕ್ಷಮಿಸಿ ಎಂದು ಇಲ್ಲಿಗೇ ಮುಗಿಸುತ್ತಿದ್ದೆ. ಇಷ್ಟೇ ಅಲ್ಲ.

ಆಟ ಮುಗಿದು ಎಂಟು ದಿನಕ್ಕೆ, ಸೋಮವಾರ, ಅವನಿಗೆ ಬೊಂಬಾಯಿ ಶಿಬಿರದ ಕಾಗದ ಬಂತು. ನಮ್ಮವರು ಗಿರಾಕಿಗಳಿಗೆಲ್ಲ ಶಿರಾ ಹಂಚಿದರು. ನಾನೇ ರವೆ ಹುರಿದೆ. ರೇವಣನ ನೆನಪಾಗುತ್ತಲೇ ಇತ್ತು, ಆದರೂ ಖುಷಿಪಟ್ಟೆ. ಸುಳ್ಳು ಬರೆಯಲಾರೆ. ಬುಧವಾರ ಊಟದ ಹೊತ್ತಿಗೆ ನಿಮ್ಮ ಕಾರ್ಡನ್ನು ಗಟ್ಟಿಯಾಗಿ ಓದಿದೆ. ‘ಆ ಹುಡುಗ ಬೇಕಂತ ಮಾಡಿಲ್ಲ, ಆಟದಾಗ ಆಗ್ತದ ಅಂತಾನ ರೇವಣ. ಆ ಹುಡುಗನ ಅವ್ವ ಸಿಕ್ಕರ ಹೇಳ್ರಿ, ನಮಗ ಸಿಟ್ಟಿಲ್ಲ’ ಎಂಬಲ್ಲಿಗೆ ಬಂದಾಗ ಸುಧಾಕರ ಕಲಸಿದ ಅನ್ನ ಬಿಟ್ಟು ಎದ್ದುಹೋದ.

ಹಿತ್ತಲಿಗೆ ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ನಮ್ಮ ಹುಡುಗರ ಕನ್ನಡ ನಿಮಗೆ ಗೊತ್ತೇ ಇದೆ, ಅರ್ಧ ಮರಾಠಿ. “ಅಮ್ಮ, ಅವನು ಹೇಳಿದ್ದು ಖರೇ ಅಲ್ಲ. ನಾನು ಮುದ್ದಾಮ್ ಹೊಡೆದೆ, ಬೇಕಂತಲೇ” ಎಂದ. ವಿರಾಮದಲ್ಲಿ ತಂಡದ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, ಆ ಹತ್ತನೇ ನಂಬರಿನವನು, ಅಂದರೆ ನಿಮ್ಮ ರೇವಣ, ಇನ್ನು ಓಡಬಾರದು ಎಂದಿದ್ದರಂತೆ. ಕಾಲು ಮುರಿ ಎಂದೇನೂ ಹೇಳಿರಲಿಲ್ಲವಂತೆ. “ಬಾಲ್ ಆಗಲೇ ಹೋಗಿತ್ತು ಅಮ್ಮ. ನನಗೆ ಕಾಣ್ತಿತ್ತು” ಎಂದು ಅತ್ತ. ಹದಿನೇಳು ತುಂಬಿದವನು, ಸಣ್ಣ ಮಗುವಿನ ಹಾಗೆ ಅತ್ತ.

ಈಗ ನನ್ನದು. ಚೆಂಡು ದಾಟಿ ಹೋದದ್ದನ್ನು ಮೆಟ್ಟಿಲ ಮೇಲೆ ಕೂತ ನಾನೂ ನೋಡಿದ್ದೆ. ಆಸ್ಪತ್ರೆಯಲ್ಲಿ ನಾನು ಸುಳ್ಳು ಹೇಳಿದ್ದು ಅದಕ್ಕೇ. ಇದನ್ನು ಸುಧಾಕರನಿಗೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿದ್ದೇನೆ.

ನಮ್ಮವರು ಬರೆಯಬೇಡ ಎಂದರು. “ಎಂತಕ್ಕೆ ಬರೀತೆ? ಆಟದಲ್ಲಿ ಆದದ್ದು ಅಲ್ಲಿಗೇ ಮುಗೀತ್” ಎಂದರು. ಅವರು ಕೆಟ್ಟವರಲ್ಲ. ಮಗನ ಮುಖ ನೋಡಲಾರದೆ ಹಾಗೆ ಹೇಳಿದರು. ಗಲ್ಲಾದಿಂದ ಎದ್ದು ಬಂದು ನಿಮ್ಮ ಕಾರ್ಡನ್ನು ತಾವೇ ಇನ್ನೊಮ್ಮೆ ಓದಿಕೊಂಡು ನನ್ನ ಮುಂದೆ ಇಟ್ಟುಹೋದರು.

ಸುಧಾಕರನಿಗೆ ಬೊಂಬಾಯಿಗೆ ಹೋಗಬೇಡ ಎಂದು ನಾನು ಹೇಳಿಲ್ಲ. ಹೋಗಲಿ ಎಂಬ ಆಸೆ ಇನ್ನೂ ಇದೆ. ನಿಮಗೆ ಬರೆಯಲು ನಾಚಿಕೆಯಾಗುತ್ತದೆ. ರೇವಣ ಹೋಗಬೇಕಾದ ಜಾಗಕ್ಕೆ ಇವನು ಹೋಗುತ್ತಾನೆಂದು ಗೊತ್ತಿದ್ದೂ ಆಸೆ ಸಾಯುವುದಿಲ್ಲ. ನಿಮಗೆ ಸಿಟ್ಟು ಬಂದರೆ ಬರಲಿ. ಶಿಬಿರದವರಿಗೆ ಬರೆದು ತಿಳಿಸಬೇಕೆನಿಸಿದರೆ ತಿಳಿಸಿ. ನಾನು ಅಡ್ಡ ಬರುವುದಿಲ್ಲ, ಸುಧಾಕರನೂ ಸುಳ್ಳೆನ್ನುವುದಿಲ್ಲ. ರೇವಣನಿಗೆ ಒಂದು ಮಾತು ಮಾತ್ರ ಹೇಳಿ: ಅವನು ಬಿದ್ದದ್ದು ಅವನ ತಪ್ಪಿನಿಂದಲ್ಲ, ಚೆಂಡು ಅವನು ಅಂದುಕೊಂಡ ಕಡೆಗೇ ಹೋಗಿತ್ತು.

ಗುರುಲಿಂಗಪ್ಪನವರಿಗೆ ನನ್ನ ನಮಸ್ಕಾರ. ಅವರು ಅದನ್ನು ತೆಗೆದುಕೊಳ್ಳದಿದ್ದರೂ ಸರಿಯೇ.

ಇಂತಿ,
ಜಲಜಾಕ್ಷಿ
(ಸುಧಾಕರನ ತಾಯಿ)

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಿದ್ದೆ, ಸುಧಾಕರ ಕೈಯಿಂದ ಇಸಿದುಕೊಂಡ. ಅಂಚೆ ಬೇಡ, ನಾಳೆ ನಸುಕಿನ ಬಸ್ಸಿಗೆ ಔರಂಗಾಬಾದಿನ ನಿಮ್ಮ ಮನೆಗೆ ತಾನೇ ಒಯ್ಯುತ್ತೇನೆ ಎಂದ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಇದರಲ್ಲಿ ತನ್ನ ಬಗ್ಗೆ ಏನಿದೆ ಎಂದು ಗೊತ್ತು. ಲಕೋಟೆ ಕೊಟ್ಟು ಇನ್ನೂ ನಿಮ್ಮ ಬಾಗಿಲಲ್ಲೇ ನಿಂತಿರುವ ಹುಡುಗ ಅವನೇ. ನೀವು ಓದಿ ಮುಗಿಸುವವರೆಗೆ ಕದಲುವುದಿಲ್ಲ ಎಂದು ಹೇಳಿ ಬಂದಿದ್ದಾನೆ. ಬೈಯಿರಿ, ಹೋಗೆನ್ನಿ, ಏನು ಬೇಕಾದರೂ ಮಾಡಿ. ಬೆಳಿಗ್ಗೆಯಿಂದ ಏನೂ ತಿಂದಿರಲಿಕ್ಕಿಲ್ಲ. ಇದನ್ನು ಬರೆಯಬಾರದಿತ್ತು, ಬರೆದುಬಿಟ್ಟೆ.