ಎರಡು ಡಬ್ಬಿ ಕರ್ಜಿಕಾಯಿ

ಕಾಲಮಜೂ, ಡಿಸೆಂಬರ್ ೨೪, ಮಧ್ಯಾಹ್ನ

ಕ್ಯಾಂಟನ್‌ನಲ್ಲಿರುವ ಅತ್ತೆಯವರಿಗೆ ವಂದನೆ.

ಷಿಕಾಗೋದಿಂದ ಬೆಳಿಗ್ಗೆಯೇ ನಿಮ್ಮಲ್ಲಿಗೆ ಹೊರಟೆ. ಹಿಮ ಸುರಿದು ಹೈವೇ ಮುಚ್ಚಿದ್ದಾರೆ. ಗ್ಯಾಸ್ ಸ್ಟೇಷನ್ನಿನಲ್ಲಿ ಕೂತು ಫೋನಿನಲ್ಲೇ ಬರೆಯುತ್ತಿದ್ದೇನೆ. ಮಾತಿಗೆ ಕೂತರೆ ನಾನು ವಿಷಯ ಬಿಟ್ಟು ಊರೆಲ್ಲ ಸುತ್ತುತ್ತೇನೆ, ನಿಮಗೆ ಗೊತ್ತು.

ಸಾವಾದ ಮನೆಯವರು ಆ ವರ್ಷ ಕ್ರಿಸ್‌ಮಸ್ ತಿಂಡಿ ಕರಿಯಬಾರದಲ್ಲ, ಬೇರೆಯವರೇ ತಂದುಕೊಡಬೇಕಲ್ಲ. ಮಾರ್ಚಿನಲ್ಲಿ ಸುಕೃತಾ ತೀರಿಕೊಂಡಳು. ಮಗಳು ಹೋದದ್ದರಿಂದ ನೀವೂ ಕರಿಯುವುದಿಲ್ಲ, ಸೊಸೆ ಹೋದದ್ದರಿಂದ ಟ್ರಾಯ್‌ನಲ್ಲಿ ನಮ್ಮಮ್ಮನೂ ಕರಿಯುವುದಿಲ್ಲ ಎಂದು ಲೆಕ್ಕ ಹಾಕಿ, ನಿನ್ನೆ ನಾನೇ ಎರಡು ಡಬ್ಬಿ ಕರ್ಜಿಕಾಯಿ ಕರಿದೆ.

ಇಲ್ಲಿಂದ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅಲ್ಲ ಕಣೋ, ನಿನ್ ಮನೇನೂ ಸಾವಾದ ಮನೇನೇ ಅಲ್ವೇನೋ?” ಅಂದರು. ಒಂಬತ್ತು ತಿಂಗಳಲ್ಲಿ ಅದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಎರಡೂ ಡಬ್ಬಿಯನ್ನು ಇಲ್ಲಿ ಸಿಕ್ಕಿಕೊಂಡಿರುವ ಟ್ರಕ್ ಡ್ರೈವರುಗಳಿಗೆ ಹಂಚಿದೆ. ಹೆಂಡತಿ ಮಾಡಿದ್ದಾ ಎಂದು ಒಬ್ಬ ಕೇಳಿದ. ಹೌದು ಅಂದೆ.

ರಸ್ತೆ ತೆರೆದರೆ ಸಂಜೆಗೆ ಬರಿಗೈಯಲ್ಲಿ ಬರುತ್ತೇನೆ. ಪ್ರತಿವರ್ಷದ ಹಾಗೆ ಈ ರಾತ್ರಿ ನಿಮ್ಮಲ್ಲೇ ಇರಲೋ, ಊಟ ಮುಗಿಸಿ ಟ್ರಾಯ್‌ಗೆ ಹೊರಡಲೋ, ನೀವೇ ಹೇಳಿ. ಇರು ಅನ್ನುವುದಾದರೆ ಅವಳ ಕೋಣೆ ಬೇಡ, ಸೋಫಾ ಸಾಕು.

ನಿಮ್ಮ ಅಳಿಯ,
ದಯಾನಂದ